ಅಂಟಿದ ಟಾಪು, ಅತ್ತಿಗೆಯ ದಾರ

ಅತ್ತಿಗೆ ಒಮ್ಮೆ ಒಬ್ಬ ಹಲ್ಲಿನ ಡಾಕ್ಟರ ಕಾರಿನ ಸೀಟಿನೊಳಗೆ ತಮ್ಮ ಕತ್ತರಿಯನ್ನು ಬಿಟ್ಟು ಹೊಲಿದುಬಿಟ್ಟರು. ಕಾರು ಹೋದ ಮೇಲೆ ಕತ್ತರಿಗಾಗಿ ಗ್ಯಾರೇಜೆಲ್ಲ ಜಾಲಾಡಿದೆವು. ಕೊನೆಗೆ ಅವರಿಗೇ ಹೊಳೆಯಿತು. ಬೇರೆ ಯಾರಾದರೂ ಆಗಿದ್ದರೆ ಹೊಸ ಕತ್ತರಿ ತಂದು ತೆಪ್ಪಗಿರುತ್ತಿದ್ದರು. ಅತ್ತಿಗೆ ಫೋನು ಎತ್ತಿ, ಇಡೀ ಬೀದಿಗೆ ಕೇಳುವ ದನಿಯಲ್ಲಿ, "ಡಾಕ್ಟ್ರೇ, ನಿಮ್ಮ ಸೀಟೊಳಗೆ ನನ್ನ ಕತ್ತರಿ ಕೂತಿದೆ. ನೀವು ಕೂರೋಕೆ ಮುಂಚೆ ಕಾರು ತಗೊಂಡು ಬನ್ನಿ" ಎಂದರು. ಕೂರದೆ ಹೇಗಮ್ಮ ತರೋದು ಎಂದು ಆತ ಕೇಳಿದರಂತೆ. ಅದೂ ಹೌದಲ್ಲ ಎಂದು ಇವರೇ ಸೂಜಿದಾರ ಹಿಡಿದು ಹೊರಟರು.

ಅಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಇವಳು ನಮ್ಮ ಮರ್ಯಾದೇನ ಬೀದಿಗೆ ತರ್ತಾಳೆ" ಎಂದು ದಿನವೆಲ್ಲ ಗೊಣಗಿದ. ಡಾಕ್ಟರು ಮಾತ್ರ ಅಂದಿನಿಂದ ತಮ್ಮ ನೆಂಟರಿಷ್ಟರ ಕಾರುಗಳನ್ನೆಲ್ಲ ನಮ್ಮಲ್ಲಿಗೇ ಕಳಿಸುತ್ತಾರೆ.

ನಾನು ಅತ್ತಿಗೆಯ ನಾದಿನಿ. ಗ್ಯಾರೇಜು ನಮ್ಮ ಅಪ್ಪ ಕಟ್ಟಿದ್ದು. ನೆಗ್ಗಿದ ತಗಡನ್ನು ಬಡಿದು ಸರಿಮಾಡುವುದು ಅಣ್ಣನ ಕೆಲಸ, ಬಣ್ಣ ಹೊಡೆಯುವುದು ನನ್ನದು. ಸೀಟು, ಹೊದಿಕೆ, ಬಾಗಿಲಿನ ರಬ್ಬರು, ಒಳಗಿನ ಬಟ್ಟೆ, ಇವೆಲ್ಲ ಅತ್ತಿಗೆಯ ಪಾಲು. ಅವರಪ್ಪ ಸಿನಿಮಾ ಮಂದಿರಗಳ ಕುರ್ಚಿಗೆ ಹೊದಿಕೆ ಹೊಲಿಯುತ್ತಿದ್ದರು. ಆ ವಿದ್ಯೆಯನ್ನು ಮಗಳು ನಮ್ಮ ಮನೆಗೆ ತಂದರು. ಗ್ಯಾರೇಜಿನ ಮೂಲೆಯಲ್ಲಿ ಕಿಟಕಿಯ ಕೆಳಗೆ ಅವರ ಹೊಲಿಗೆ ಯಂತ್ರ. ಅದರ ಸುತ್ತ ಸ್ಪಂಜಿನ ತುಂಡು, ರೆಕ್ಸಿನ್ ಸುರುಳಿ, ಮೇಣ ಹಚ್ಚಿದ ನೈಲಾನ್ ದಾರದ ಉಂಡೆ, ಸೀಟಿನ ಅಳತೆಗೆ ಕತ್ತರಿಸಿಟ್ಟ ಹಳೆಯ ಎಕ್ಸ್‌ರೇ ಹಾಳೆಗಳು. ಯಾರದೋ ಪಕ್ಕೆಲುಬಿನ ಚಿತ್ರದ ಮೇಲೆ 'ಎಡಗಡೆ ಸೀಟು' ಎಂದು ಬರೆದಿರುತ್ತದೆ.

ಅವರ ಬಾಯಿಗೆ ಬಿಡುವೆಂಬುದೇ ಇಲ್ಲ. ತುಟಿಗಳ ನಡುವೆ ಸೂಜಿ ಕಚ್ಚಿಕೊಂಡೂ ಮಾತಾಡುತ್ತಾರೆ, ಬೈಯುತ್ತಾರೆ, ನಗುತ್ತಾರೆ. ಕೈ ಮಾತ್ರ ಬಲು ನಿಧಾನ. ಯಾವ ಕಾರು ಬಂದರೂ ಮೊದಲು ಅದರ ಸುತ್ತ ಬೆರಳಾಡಿಸುತ್ತ ಒಂದು ಸುತ್ತು ಬರಬೇಕು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. "ಅತ್ತಿಗೆ, ಅದು ಕಾರು, ಎಳೇ ಮಗು ಅಲ್ಲ" ಎಂದರೆ, "ಮಗು ಆಗಿದ್ರೆ ಅತ್ತು ಹೇಳಿರೋದು ಕಣೇ, ಇದು ಹೇಳಲ್ವಲ್ಲ" ಎನ್ನುತ್ತಿದ್ದರು. ಅವರ ನಿಧಾನದ ಬೆಲೆ ನನಗೆ ಪೂರ್ತಿ ತಿಳಿದದ್ದು ಡ್ರೈವಿಂಗ್ ಟೀಚರ ಕಾರು ಬಂದ ದಿನ.

ಡ್ರೈವಿಂಗ್ ಟೀಚರ್ ಎಂದರೆ ನಮ್ಮಲ್ಲಿ ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರಿಗೂ ಗೊತ್ತು. ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಬೈಗುಳ ತಿಂದೇ ಕಲಿತವರು. ಬೆನ್ನ ಹಿಂದೆ ಅವರನ್ನು ಬ್ರೇಕಮ್ಮ ಎನ್ನುತ್ತೇವೆ, ಎದುರಿಗೆ ಯಾರಿಗೂ ಧೈರ್ಯವಿಲ್ಲ. ನನಗೂ ಅವರೇ ಕಲಿಸಿದ್ದು. "ಅಷ್ಟು ಬಿಗಿಯಾಗಿ ಯಾಕೆ ಹಿಡ್ಕೋತೀಯಾ? ಸ್ಟಿಯರಿಂಗ್ ಏನು ಕಳ್ಳನ ಕುತ್ತಿಗೆಯಾ?" ಎಂದು ಮೊದಲ ದಿನವೇ ನನ್ನ ಬೆವರಿಳಿಸಿದ್ದರು.

ಕಲಿಸಲು ಅವರಿಗೆ ಬೇರೆ ಕಾರಿತ್ತು. ಸ್ವಂತಕ್ಕೆ ಇದ್ದದ್ದು ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿರುವ, ಹಸಿರು ಬಣ್ಣದ ಹಳೆಯ ಓಪನ್ ಕಾರು. ಅದರ ಮೇಲೆ ಗಟ್ಟಿ ತಗಡಿನ ಒಂದು ಟಾಪು. ಬೇಕಾದಾಗ ಕೂರಿಸಬಹುದು, ಬೇಡವಾದಾಗ ಎತ್ತಿ ಪಕ್ಕಕ್ಕಿಡಬಹುದು. ಗಂಡ ಇದ್ದಾಗ ಇಬ್ಬರೂ ಟಾಪು ತೆಗೆದು ಊರೂರು ಸುತ್ತಿದವರು. ಗಂಡ ತೀರಿಕೊಂಡ ಮೇಲೆ ಟಾಪು ತೆಗೆಯುವ ಗೋಜಿಗೇ ಅವರು ಹೋಗಿರಲಿಲ್ಲ. ಹಾಗೇ ಓಡಿಸಿಕೊಂಡು, ಹಾಗೇ ತೊಳೆದುಕೊಂಡು ಬಹಳ ವರ್ಷ ಕಳೆದಿದ್ದರು.

ಈಚೆಗೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಅವರ ಸೊಂಟದ ಕೀಲಿಗೆ ಆಪರೇಷನ್ ಆಯಿತು. ಕಾಲು ಚೆನ್ನಾಗಿ ಆಡುತ್ತಿದೆ, ಕಾರು ಓಡಿಸಬಹುದು, ಆದರೆ ಬಗ್ಗಿ ಸೊಂಟ ತಿರುಚಿ ಒಳಗೆ ತೂರಿಕೊಳ್ಳಕೂಡದು ಎಂದು ಆಸ್ಪತ್ರೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಆ ಕಾರಿಗೋ ಟಾಪು ಇದ್ದಾಗ ತೂರಿಕೊಳ್ಳದೆ ಗತ್ಯಂತರವಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯೇ ದಾರಿ ತೋರಿಸಿದಳಂತೆ: ಟಾಪು ತೆಗೆದರೆ ಬಾಗಿಲು ತೆರೆದು ನೆಟ್ಟಗೆ ನಿಂತು, ಮುಂದಿನ ಗಾಜಿನ ಚೌಕಟ್ಟು ಹಿಡಿದು, ಕಾಲಿಟ್ಟು, ಮೇಲಿನಿಂದ ಹಾಗೇ ಕೆಳಗೆ ಕೂರಬಹುದು.

ಸರಿ, ತೆಗೆಯೋಣ ಎಂದರೆ ಟಾಪು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೇರೊಂದು ಗ್ಯಾರೇಜಿನವರು ಎಲ್ಲ ಕೊಕ್ಕೆ, ಬೋಲ್ಟು ಬಿಚ್ಚಿ, ಹಿಂದಿನಿಂದ ಕಬ್ಬಿಣದ ಪಟ್ಟಿ ತೂರಿಸಿ ಮೀಟಿ, ಮೂಲೆಯ ಬಣ್ಣ ಎಬ್ಬಿಸಿ, ಆಗಲ್ಲ ಎಂದು ಕೈಚೆಲ್ಲಿದ್ದರು. ಟೀಚರಿಗೆ ಒಬ್ಬರು ತಮ್ಮ, ಔಷಧಿ ಅಂಗಡಿಯವರು, ಅಕ್ಕನೆಂದರೆ ಪ್ರಾಣ, ಆದರೆ ವಿಪರೀತ ಪುಕ್ಕಲು. "ಅಕ್ಕ, ಮಾರಿಬಿಡು. ಎತ್ತರದ ಕಾರು ತಗೊಳ್ಳೋಣ, ಡ್ರೈವರ್ ಇಡೋಣ" ಎಂದು ಬೆನ್ನುಬಿದ್ದರು. ಟೀಚರು ಕೊನೆಗೆ ಒಪ್ಪಿದ್ದು ಒಂದೇ ಮಾತಿನ ಮೇಲೆ: ನಮ್ಮ ಗ್ಯಾರೇಜಿನಲ್ಲಿ ಒಮ್ಮೆ ನೋಡಲಿ, ಆಗದಿದ್ದರೆ ಅದೇ ಸಂಜೆ ಕೊಳ್ಳುವವರು ಬಂದು ತೆಗೆದುಕೊಂಡು ಹೋಗಲಿ. "ಆದ್ರೆ ಒಂದು ತಿಳ್ಕೋ" ಎಂದು ನಮ್ಮೆದುರಿಗೇ ತಮ್ಮನಿಗೆ ಹೇಳಿದರು. "ಈ ಕಾರು ಬಿಟ್ಟ ದಿನ ನಾನು ಓಡಿಸೋದನ್ನೂ ಬಿಟ್ಟೆ. ಡ್ರೈವರ್ ಹಿಂದೆ ಮೂಟೆ ಥರ ಕೂರೋಕೆ ನನ್ನಿಂದ ಆಗಲ್ಲ."

ಊರಿಗೆಲ್ಲ ಓಡಿಸುವುದನ್ನು ಕಲಿಸಿದ ಹೆಂಗಸು ಊರುಗೋಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅತ್ತಿಗೆ ಎತ್ತರದ ಕುರ್ಚಿ ಹುಡುಕಿ, ಅದರ ಮೇಲೆ ಎರಡು ಸ್ಪಂಜು ಪೇರಿಸಿ, "ಇಲ್ಲಿ ಕೂತ್ಕೊಳ್ಳಿ ಟೀಚರ್, ಸೊಂಟ ಬಗ್ಗಲ್ಲ" ಎಂದರು.

ಅಣ್ಣ ಕಾರಿನ ಸುತ್ತ ಬಂದು, ಮುಂದಿನ ಗಾಜಿನ ಮೇಲ್ಗಡೆ ತಟ್ಟಿ ನೋಡಿ, ತೀರ್ಪು ಕೊಟ್ಟ. "ಕೊಕ್ಕೆ ಬಿಚ್ಚಿದ್ರೂ ಮುಂದಿನ ತಗಡು ಚೌಕಟ್ಟಿಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿದೆ. ಕತ್ತರಿಸದೆ ಬರಲ್ಲ." ಹೇಳುತ್ತಲೇ ಕತ್ತರಿಸುವ ಯಂತ್ರದ ವೈರು ಬಿಡಿಸತೊಡಗಿದ.

"ಕತ್ತರಿಸೋದಾದ್ರೆ ಮುಟ್ಟಬೇಡಿ" ಎಂದರು ಟೀಚರ್. "ಇರೋದೊಂದು ಟಾಪು. ಅದೂ ಹೋದ್ರೆ ಮಳೇಲಿ ಏನು ಕೊಡೆ ಹಿಡ್ಕೊಂಡು ಓಡಿಸ್ಲಾ?"

ನಾನು ಅಷ್ಟರಲ್ಲಿ ಹಿಂದಿನ ಮೂಲೆಯಲ್ಲಿ ಎದ್ದ ಬಣ್ಣ ನೋಡಿ ಆ ಗ್ಯಾರೇಜಿನವರ ಕೈಗೆ ಶಾಪ ಹಾಕುತ್ತಿದ್ದೆ. ಅತ್ತಿಗೆ ಯಾರ ಮಾತಿಗೂ ಕಿವಿಗೊಡದೆ ತಮ್ಮ ಮಾಮೂಲಿ ಪ್ರದಕ್ಷಿಣೆ ಶುರುಮಾಡಿದರು. ಎಕ್ಸ್‌ರೇ ಹಾಳೆಯ ಒಂದು ಪಟ್ಟಿ ಕತ್ತರಿಸಿಕೊಂಡು, ಟಾಪಿಗೂ ಕಾರಿಗೂ ನಡುವಿನ ರಬ್ಬರಿನ ಕೆಳಗೆ ತೂರಿಸಿ ಎಳೆಯುತ್ತ ಹೋದರು. ಹಿಂದುಗಡೆ ಪಟ್ಟಿ ಸಲೀಸಾಗಿ ಹೋಯಿತು, ಬದಿಗಳಲ್ಲೂ ಹೋಯಿತು. ಮುಂದಿನ ಗಾಜಿನ ಮೇಲಿನ ಚೌಕಟ್ಟಿಗೆ ಬಂದಾಗ ಗಕ್ಕನೆ ನಿಂತಿತು. ಈ ಮೂಲೆಯಿಂದ ಆ ಮೂಲೆಯವರೆಗೆ ಎಲ್ಲೂ ಒಂದು ಎಳೆ ಜಾಗವಿಲ್ಲ.

ಅಲ್ಲಿ ಉಗುರಿನಿಂದ ಕೆರೆದರು. ಹಳದಿಗೆ ತಿರುಗಿದ ಒಂದು ಚೂರು ಎದ್ದು ಬಂತು. ಮೂಸಿದರು, ಬೆರಳ ನಡುವೆ ಉಜ್ಜಿದರು, ಮತ್ತೆ ಬಗ್ಗಿ ರಬ್ಬರಿನ ತುದಿ ಎಲ್ಲಿ ಮುಗಿದಿದೆ ಎಂದು ನೋಡಿದರು. ಅವರ ಬಾಯಿ ನಿಂತಿತ್ತು. ಅದು ನಿಂತದ್ದು ಗಮನಕ್ಕೆ ಬಂದು ಅಣ್ಣನೂ ವೈರು ಬಿಡಿಸುವುದನ್ನು ನಿಲ್ಲಿಸಿದ.

"ಇದು ತುಕ್ಕಲ್ಲ" ಎಂದರು ಅತ್ತಿಗೆ, ಕತ್ತರಿಯ ದಿನದ ಅದೇ ದನಿಯಲ್ಲಿ. "ಇದು ನನ್ನ ಅಂಟು. ನಾನೇ ಹಚ್ಚಿದ್ದು. ಟೀಚರ್, ನಿಮ್ಮ ಟಾಪು ಕಚ್ಕೊಂಡಿರೋದು ನನ್ನಿಂದ."

"ಮೆಲ್ಲಗೆ ಹೇಳೇ ಮಾರಾಯ್ತಿ" ಎಂದು ಅಣ್ಣ ಹಲ್ಲು ಕಚ್ಚಿದ.

"ಮೆಲ್ಲಗೆ ಹೇಳಿದ್ರೆ ಅಂಟು ಬಿಡುತ್ತಾ?"

ಮದುವೆಯಾಗಿ ಬಂದ ಹೊಸತರಲ್ಲಿ ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಟೀಚರು ಕಾರು ತಂದು, ಗಾಜಿನ ಮೇಲಿಂದ ನೀರು ಸೋರುತ್ತಿದೆ, ಇನ್ನು ಒಂದು ಹನಿಯೂ ಬೀಳಬಾರದು ಎಂದಿದ್ದರಂತೆ. ಸೀಟು ಹೊಲಿಯುವವರ ಅಂಟಿಗೆ ಒಂದು ಕ್ರಮವಿದೆ. ಸ್ಪಂಜಿಗೂ ಹಚ್ಚಬೇಕು, ಬಟ್ಟೆಗೂ ಹಚ್ಚಬೇಕು, ಎರಡನ್ನೂ ಆರಲು ಬಿಟ್ಟು ಆಮೇಲೆ ಒತ್ತಬೇಕು. ಒತ್ತಿದ ಮೇಲೆ ಅವು ಈ ಜನ್ಮಕ್ಕೆ ಬಿಡುವುದಿಲ್ಲ. ತೆಗೆದು ಹಾಕುವ ಟಾಪಿಗೆ ಹಾಗೆ ಮಾಡುವಂತಿಲ್ಲ. ರಬ್ಬರನ್ನು ಟಾಪಿಗೆ ಮಾತ್ರ ಅಂಟಿಸಬೇಕು, ಕೆಳಗಿನ ಚೌಕಟ್ಟಿನ ಮೇಲೆ ಅದು ಬರೀ ಕೂರಬೇಕು. "ನಾನು ಎರಡೂ ಕಡೆ ಹಚ್ಚಿದೆ" ಎಂದರು ಅತ್ತಿಗೆ. "ಹುಟ್ಟಿದಾಗಿಂದ ಎರಡೂ ಕಡೆ ಹಚ್ಚಿದ ಕೈ. ತಲೆಗೆ ಹೇಳ್ದೇನೇ ತನ್ನ ಕೆಲಸ ಮಾಡಿಬಿಡ್ತು. ರಬ್ಬರಿನ ತುದೀನ ಹೀಗೆ ಮಡಿಸಿ ಕತ್ತರಿಸೋದು ನಾನೊಬ್ಬಳೇ, ಬೇರೆ ಸಾಕ್ಷಿ ಬೇಡ."

ಟೀಚರ ತಮ್ಮನ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಈ ಒದ್ದಾಟಕ್ಕೆಲ್ಲ ನೀವೇ ಕಾರಣ ಅನ್ನಿ" ಎಂದರು.

"ನಾನೇ" ಎಂದರು ಅತ್ತಿಗೆ. "ಅದಕ್ಕೇ ನಾನೇ ಬಿಡಿಸ್ತೀನಿ."

ಟೀಚರು ಊರುಗೋಲಿನ ಹಿಡಿಯ ಮೇಲೆ ಎರಡು ಕೈಯನ್ನೂ ಇಟ್ಟು ಗಾಜಿನ ಕಡೆಗೇ ನೋಡುತ್ತಿದ್ದರು.

ಅತ್ತಿಗೆಯ ಉಪಾಯ ಕೇಳಿ ಅಣ್ಣ ನಕ್ಕುಬಿಟ್ಟ. ಸೀಟು ಹೊಲಿಯುವ ನೈಲಾನ್ ದಾರದಿಂದ ಆ ಅಂಟನ್ನು ಕೊಯ್ಯುವುದಂತೆ! ನನಗೂ ನಂಬಿಕೆ ಬರಲಿಲ್ಲ, ಆದರೆ ಅಣ್ಣ ನಕ್ಕಿದ್ದರಿಂದ ಅತ್ತಿಗೆಯ ಪಕ್ಷ ಸೇರಿದೆ. ಮೊದಲು ಬಣ್ಣದ ಮೇಲೆಲ್ಲ ಟೇಪು ಅಂಟಿಸಿದೆ. ಇನ್ನೊಂದು ಗೀರು ಬಿದ್ದರೆ ಸುಮ್ಮನಿರುವವಳಲ್ಲ ಎಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟೆ. ಮನೆಯಿಂದ ಕೂದಲು ಒಣಗಿಸುವ ಯಂತ್ರ ಬಂತು. ಅದರ ಬಿಸಿಗಾಳಿಯನ್ನು ಅತ್ತಿಗೆ ಒಂದು ಮೂಲೆಗೆ ಹಿಡಿದು, ಅಂಟು ಮೆತ್ತಗಾಗುತ್ತಲೇ ಸೋಪಿನ ನೀರು ಸವರಿ, ಡೊಂಕು ಸೂಜಿಯಿಂದ ದಾರವನ್ನು ಹೊರಗಿನಿಂದ ಒಳಕ್ಕೆ ದಾಟಿಸಿದರು. ಒಳಗೆ ಸೀಟಿನಲ್ಲಿ ಅವರು, ಹೊರಗೆ ಗಾಜಿನ ಮುಂದೆ ನಾನು. ದಾರದ ಒಂದು ತುದಿ ಅವರ ಕೈಗೆ, ಇನ್ನೊಂದು ನನ್ನ ಕೈಗೆ. ಇಬ್ಬರೂ ಎದುರುಬದುರು ಮುಖ ನೋಡಿಕೊಂಡು ಗರಗಸದಂತೆ ಹಿಂದೆ ಮುಂದೆ ಎಳೆಯಬೇಕು.

ನಾನು ಎಳೆದ ಮೊದಲ ಎಳೆತಕ್ಕೇ ದಾರ ಪಟ್ಟೆಂದಿತು.

"ಹಗ್ಗ ಜಗ್ಗೋಕೆ ಬಂದಿದೀಯೇನೇ?" ಗಾಜಿನ ಆಚೆಯಿಂದ ಅತ್ತಿಗೆ ಕೂಗಿದರು. "ನಾನು ಎಳೆಯುವಾಗ ನೀನು ಬಿಡಬೇಕು. ಪೂರ್ತಿ ಬಿಡಬಾರ್ದು, ಸಡಿಲ ಬಿಡಬೇಕು. ಕೋಪಾನ ಬಣ್ಣದ ಡಬ್ಬದಲ್ಲಿ ಮುಚ್ಚಿಟ್ಟು ಬಾ."

ಹೊಸ ದಾರ ಬಂತು. ಅದೂ ಹರಿಯಿತು. ಆಮೇಲಿನದು ಸ್ವಲ್ಪ ದೂರ ನಡೆಯಿತು. ನಿಧಾನವಾಗಿ ನನ್ನ ಕೈಗೂ ಆ ಲಯ ಹತ್ತಿತು: ಅವರು ಎಳೆದಾಗ ನನ್ನ ಬೆರಳು ಹಿಂಬಾಲಿಸಬೇಕು, ನಾನು ಎಳೆದಾಗ ಅವರದು. ಸರ್, ಸರ್ ಎಂಬ ಸಣ್ಣ ಸದ್ದು. ನಿಂತು ಬಿಸಿ ಹಿಡಿಯುವುದು, ಸೋಪಿನ ನೀರು ಸವರುವುದು, ಮತ್ತೆ ಎಳೆಯುವುದು. ನಡುಭಾಗದಲ್ಲಿ ಅಂಟು ದಪ್ಪ. ಹೊಸ ಸೊಸೆಯ ಉತ್ಸಾಹದಲ್ಲಿ ಅಲ್ಲಿ ಧಾರಾಳವಾಗಿ ಬಳಿದಿದ್ದರಂತೆ. ತಮ್ಮ ಹಳೆಯ ಕೈಗೆ ತಾವೇ ಬೈಯುತ್ತ, "ಅಬ್ಬಾ, ಏನು ಕೆಲಸ ಮಾಡಿದೀಯೇ ತಾಯಿ, ಇಷ್ಟು ಗಟ್ಟಿಯಾಗಿ ಯಾರಾದ್ರೂ ಅಂಟಿಸ್ತಾರಾ!" ಎಂದು ತಾವೇ ಮೆಚ್ಚಿಕೊಳ್ಳುತ್ತ ಎಳೆದರು. ಇಂಥ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಧ್ಯಾಹ್ನ ಇಳಿಯಿತು. ಟೀಚರ ತಮ್ಮ ಗಡಿಯಾರ ನೋಡುವುದು, ಗೇಟಿನವರೆಗೆ ಹೋಗಿ ಬರುವುದು ನಡೆದೇ ಇತ್ತು. ನನ್ನ ಬೆರಳುಗಳಲ್ಲಿ ದಾರ ಬರೆ ಎಳೆದಿತ್ತು. ಅತ್ತಿಗೆಯ ಬೆರಳು ನೋಡಿದೆ. ಬಟ್ಟೆ ಸುತ್ತಿಕೊಂಡಿದ್ದರೂ ಒಂದರಲ್ಲಿ ರಕ್ತ ಜಿನುಗುತ್ತಿತ್ತು. "ಸಾಕು ಬಾರೇ, ನಾನು ಎಳೀತೀನಿ" ಎಂದ ಅಣ್ಣನ ದನಿಯಲ್ಲಿ ಈಗ ನಗೆ ಇರಲಿಲ್ಲ. "ನೀವು ಸುತ್ತಿಗೆ ಜನ, ದಾರ ಹರೀತೀರ. ಆ ಹಾಸಿಗೆ ತಂದು ನೆಲಕ್ಕೆ ಹಾಸಿ, ಟಾಪು ಇಡೋಕೆ ಬೇಕು" ಎಂದು ಅತ್ತಿಗೆ ಅವನನ್ನು ಓಡಿಸಿದರು. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಟಾಪಿಗೆ ಹಾಸಿಗೆ ಸಿದ್ಧವಾಯಿತು.

ಆಚೆ ಮೂಲೆಯಲ್ಲಿ ದಾರ ತಟ್ಟನೆ ಸಡಿಲಾಗಿ ನನ್ನ ಕೈಗೇ ಬಂತು. ಮತ್ತೆ ಹರಿಯಿತು ಎಂದುಕೊಂಡೆ. ನೋಡಿದರೆ ದಾರ ಇಡಿಯಾಗಿದೆ. ನನಗೆ ಕೂಗಬೇಕೆನಿಸಿತು. ಅತ್ತಿಗೆ ಮಾತ್ರ ಇಳಿದು ಬಂದು, ಎಕ್ಸ್‌ರೇ ಪಟ್ಟಿಯನ್ನು ಮತ್ತೆ ತೂರಿಸಿ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದುಕೊಂಡು ಹೋದರು. ಎಲ್ಲೂ ನಿಲ್ಲಲಿಲ್ಲ.

"ಮೂಲೆಗೊಬ್ಬರು ಬನ್ನಿ" ಎಂದರು. ಅಣ್ಣ, ನಾನು, ಅತ್ತಿಗೆ, ಟೀಚರ ತಮ್ಮ. ಅತ್ತಿಗೆ ಅಪ್ಪಣೆ ಕೊಟ್ಟರು: "ನೆಟ್ಟಗೆ ಮೇಲಕ್ಕೆ. ಯಾರೂ ಶೂರತ್ವ ತೋರಿಸಬೇಡಿ." ಎತ್ತಿದೆವು. ಲೊಚಕ್ ಎಂದು ರಬ್ಬರು ಬಿಟ್ಟಿತು, ಟಾಪು ನಮ್ಮ ಕೈಯಲ್ಲಿತ್ತು. ಅದನ್ನು ಹಾಸಿಗೆಯ ಮೇಲಿಟ್ಟು ತಿರುಗಿದರೆ ಕಾರಿನ ಸೀಟುಗಳ ಮೇಲೆ ಬಿಸಿಲು ಬಿದ್ದಿತ್ತು.

ಟೀಚರು ಆಗಲೇ ಎದ್ದು ನಿಂತಿದ್ದರು. ಯಾರ ಕೈಯನ್ನೂ ಹಿಡಿಯಲಿಲ್ಲ. ಊರುಗೋಲನ್ನು ತಮ್ಮನಿಗೆ ಕೊಟ್ಟು, ಗಾಜಿನ ಚೌಕಟ್ಟು ಹಿಡಿದು, ಒಂದು ಕಾಲು ಒಳಗಿಟ್ಟು, ಇನ್ನೊಂದು ಇಟ್ಟು, ನೆಟ್ಟಗೆ ನಿಂತುಕೊಂಡೇ ಕೆಳಗೆ ಇಳಿದರು. ಕೂತರು. ಕ್ಲಚ್ಚನ್ನು ಪೂರ್ತಿ ಒತ್ತಿ ಬಿಟ್ಟರು, ಮತ್ತೊಮ್ಮೆ ಒತ್ತಿ ಬಿಟ್ಟರು. "ಅಕ್ಕ, ನೋವಾಗುತ್ತಾ? ಇವತ್ತು ಇಷ್ಟೇ ಸಾಕು ಅಕ್ಕ" ಎಂದು ತಮ್ಮ ಶುರುಮಾಡುವುದರೊಳಗೆ ಎಂಜಿನ್ ಗುಡುಗಿತು. ಗೇಟಿನ ಹತ್ತಿರ ಎರಡೂ ಕಡೆ ನೋಡಿ, ಸಿಗ್ನಲ್ ಹಾಕಿ, ಅವರು ರಸ್ತೆಗೆ ಹೋಗಿಬಿಟ್ಟರು.

ಒಂದು ಸುತ್ತು ಹಾಕಿ ಬರುತ್ತಾರೆ ಎಂದುಕೊಂಡೆವು. ಬರಲಿಲ್ಲ. ಟೀಚರ ತಮ್ಮ ಅಕ್ಕನ ಊರುಗೋಲು ಹಿಡಿದುಕೊಂಡು ಗೇಟಿನಲ್ಲಿ ಶತಪಥ ಹಾಕಿದರು. "ಫೋನೂ ತಗೊಂಡು ಹೋಗಿಲ್ಲ. ಎಲ್ಲಾದ್ರೂ ಕಾಲು ಹಿಡ್ಕೊಂಡ್ರೆ?"

"ಹೊರಗೆ ಹೋಗಲಿ ಅಂತ ತಾನೇ ಇಷ್ಟೆಲ್ಲ ಮಾಡಿದ್ದು? ಹೋಗಿದಾರೆ, ಬಿಡಿ" ಎಂದರು ಅತ್ತಿಗೆ. ಟಾಪಿನ ಪಕ್ಕ ನೆಲದ ಮೇಲೆ ಕೂತು ಹಳೆಯ ಅಂಟನ್ನು ಕೆರೆಯುತ್ತಿದ್ದರು.

ಅದೇ ಹೊತ್ತಿಗೆ ಕಾರು ಕೊಳ್ಳುವವರು ಬಂದರು. ಸುತ್ತ ನೋಡಿ, "ಕಾರೆಲ್ಲಿ?" ಎಂದರು.

"ಕಾರು ಕೆಲಸದ ಮೇಲೆ ಹೋಗಿದೆ" ಎಂದರು ಅತ್ತಿಗೆ.

ಆತ ಟೀಚರ ತಮ್ಮನ ಕಡೆ ನೋಡಿದರು. ಇಷ್ಟು ದಿನ ಮಾರು ಮಾರು ಎಂದು ದುಂಬಾಲು ಬಿದ್ದಿದ್ದ ಮನುಷ್ಯ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, "ಕ್ಷಮಿಸಿ, ನಮ್ಮಕ್ಕ ಅದನ್ನ ಓಡಿಸ್ತಾಳೆ. ಕೊಡೋ ಹಾಗಿಲ್ಲ" ಎಂದರು. ಆ ಪುಕ್ಕಲು ಮನುಷ್ಯನ ಮೇಲೆ ನನಗೆ ಅಕ್ಕರೆ ಉಕ್ಕಿ ಬಂತು.

ಟೀಚರು ಬಂದಾಗ ಬಿಸಿಲು ತಗ್ಗಿತ್ತು. ಕೂದಲು ಗಾಳಿಗೆ ಕೆದರಿ ಮುಖದ ಮೇಲೆಲ್ಲ ಹರಡಿತ್ತು. ಎಂಜಿನ್ ಆರಿಸಿದರು, ಇಳಿಯಲಿಲ್ಲ. ಅತ್ತಿಗೆಯನ್ನು ಹತ್ತಿರ ಕರೆದು, ಪಕ್ಕದ ಸೀಟಿನ ಮೇಲೆ ಕೈಯಿಟ್ಟರು.

"ನೀನು ಅಂಟು ಹಚ್ಚಿದ ಆ ಮಳೆಗಾಲವೆಲ್ಲ ನಮ್ಮನೆಯವರನ್ನ ಇಲ್ಲಿ ಕೂರಿಸ್ಕೊಂಡೇ ಆಸ್ಪತ್ರೆಗೆ ಓಡಾಡಿದೀನಿ. ಮೈಮೇಲೆ ನೀರು ಬಿದ್ರೆ ಚಳಿ ತಡೀತಿರಲಿಲ್ಲ ಅವರಿಗೆ. ಅದಕ್ಕೇ ಒಂದು ಹನೀನೂ ಬೀಳಬಾರದು ಅಂದಿದ್ದು ನಿನಗೆ. ಕೊನೇ ಸಲ ಕರ್ಕೊಂಡು ಹೋದಾಗ ರಸ್ತೆನೇ ಕಾಣ್ತಿರಲಿಲ್ಲ, ಹಾಗೆ ಸುರೀತಿತ್ತು. ಒಳಗೆ ಇವರು ಬೆಚ್ಚಗೆ ನಿದ್ದೆ ಮಾಡಿದ್ರು ಕಣಮ್ಮ. ಬೆಳಗ್ಗೆಯಿಂದ ತಪ್ಪು ತಪ್ಪು ಅಂತ ಸಾರ್ತಿದೀಯ. ನನ್ನ ಮುಂದೆ ಅದನ್ನ ತಪ್ಪು ಅನ್ನಬೇಡ."

ಅತ್ತಿಗೆ ಬಟ್ಟೆ ಸುತ್ತಿದ ಬೆರಳಿನಿಂದ ಕಣ್ಣು ಒರೆಸಿಕೊಂಡು, "ಥೂ, ಅಂಟು ಕಣ್ಣಿಗೆ ಹೋಯ್ತು" ಎಂದರು. ಆಮೇಲೆ ಮೂಗೆಳೆದುಕೊಂಡು, "ನೀವು ಏನೇ ಹೇಳಿ, ಕೆಲಸ ತಪ್ಪೇ ಟೀಚರ್. ಈ ಸಲ ಒಂದೇ ಕಡೆ ಹಚ್ತೀನಿ. ಹನೀನೂ ಬೀಳಲ್ಲ, ಟಾಪೂ ಏಳುತ್ತೆ" ಎಂದರು.

ಟೀಚರು ಅಳುತ್ತಲೇ ನಕ್ಕರು. "ಅವಸರ ಏನಿಲ್ಲ. ಮಳೆ ಬರೋವರೆಗೂ ಅದು ನಿನ್ನ ಹತ್ರಾನೇ ಇರಲಿ" ಎಂದು ಮತ್ತೆ ಎಂಜಿನ್ ಚಾಲೂ ಮಾಡಿ, ಪಕ್ಕದ ಸೀಟಿಗೆ ಬಾ ಎಂದು ತಮ್ಮನನ್ನು ಕರೆದರು.